ಹುಟ್ಟಿದಾಗಿನಿಂದ ಹಿಂಗಾಲು ಒದ್ದೆ: ಐದು ತಿಂಗಳ ಹೆಣ್ಣು ಕುದುರೆ ಮರಿಗೆ ಏನಾಗಿರಬಹುದು?

ಕಾವೇರಿದಂಡೆ (ಭಾನುವಾರ, ರಾತ್ರಿ 9:10)
ಎಲ್ಲರಿಗೂ ನಮಸ್ಕಾರ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಸಣ್ಣ ತೋಟ. ತಂದೆಯವರು ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದರು. ಆ ಋಣಕ್ಕೆ ಇವತ್ತಿಗೂ ಮನೆಯಲ್ಲಿ ಎರಡು ಹೆಣ್ಣು ಕುದುರೆಗಳಿವೆ. ದೊಡ್ಡದು ಫೆಬ್ರವರಿಯಲ್ಲಿ ಹೆಣ್ಣು ಮರಿ ಹಾಕಿತು. ಗೌರಿ ಎಂದು ಹೆಸರಿಟ್ಟಿದ್ದೇವೆ. ಚುರುಕಾಗಿದೆ, ಹಾಲು ಕುಡಿಯುತ್ತದೆ, ಹುಲ್ಲು ಮೇಯುತ್ತದೆ, ನನ್ನ ದನಿ ಕೇಳಿದರೆ ತಾಯಿಯನ್ನು ಬಿಟ್ಟು ಬೇಲಿಯವರೆಗೆ ಓಡಿ ಬರುತ್ತದೆ.

ಆದರೆ ಮೊದಲ ವಾರದಿಂದ ಇವತ್ತಿನವರೆಗೆ ಅದರ ಹಿಂಗಾಲುಗಳ ಒಳಭಾಗ ಒಣಗಿದ್ದನ್ನು ನಾನು ನೋಡಿಲ್ಲ. ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಕೂದಲು ಉದುರಿ ಚರ್ಮ ಕೆಂಪಾಗಿದೆ. ಮಳೆ ಹಿಡಿದ ಮೇಲೆ ನೊಣದ ಕಾಟ ಬೇರೆ. ಸೋಂಕು ಎಂದು ಎರಡು ಸಲ ಆಂಟಿಬಯೋಟಿಕ್ ಕೊಡಿಸಿದೆ. ಔಷಧ ನಡೆಯುವಾಗಲೂ ಸೋರಿಕೆ ನಿಲ್ಲಲಿಲ್ಲ. ಬೆಳೆಯುತ್ತಾ ಸರಿಹೋಗುತ್ತದೆ ಎಂದರು. ಐದು ತಿಂಗಳು ಕಾದೆ. ಯಾರಿಗಾದರೂ ಇಂಥದ್ದು ಗೊತ್ತೇ?

ಬಿಳಿಗಿರಿ_ಹೈನು (9:32)
ಹೊಕ್ಕುಳು ಮುಚ್ಚಿರಲಿಕ್ಕಿಲ್ಲ. ಅಲ್ಲಿಂದಲೇ ಮೂತ್ರ ಬರುತ್ತಿರಬೇಕು. ಗಟ್ಟಿ ಅಯೋಡಿನ್ ಹಚ್ಚಿ, ಸುಟ್ಟು ಮುಚ್ಚಿಕೊಳ್ಳುತ್ತದೆ. ಕರುಗಳಿಗೆ ನಾವು ಮಾಡುವುದು ಹಾಗೆಯೇ.

ಪಶುವೈದ್ಯೆ_ಧಾರವಾಡ (10:05)
ದಯವಿಟ್ಟು ಗಟ್ಟಿ ಅಯೋಡಿನ್ ಹಚ್ಚಬೇಡಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನಾಲ್ಕು ಪ್ರಶ್ನೆ. ನೀರು ಎಲ್ಲಿಂದ ಬರುತ್ತಿದೆ, ಹೊಕ್ಕುಳಿನಿಂದಲೋ ಯೋನಿಯಿಂದಲೋ? ಸೋರಿಕೆಯ ಜೊತೆಗೆ ಮರಿ ಕಾಲಗಲಿಸಿ ನಿಂತು ಧಾರೆಯಾಗಿಯೂ ಮೂತ್ರ ಮಾಡುತ್ತದೆಯೇ? ಬಾಲ ಎತ್ತಿದಾಗ ಬಿಗಿ ಇದೆಯೇ, ಜೋಲು ಬೀಳುತ್ತದೆಯೇ? ನೀರು ಅತಿಯಾಗಿ ಕುಡಿಯುತ್ತದೆಯೇ? ಕೊಟ್ಟ ಔಷಧಗಳ ಹೆಸರು ಚೀಟಿಯಲ್ಲಿದ್ದರೆ ಅದನ್ನೂ ಹೇಳಿ. ಊಹೆ ಬೇಡ. ಒಂದು ದಿನ ಲಾಯದಲ್ಲಿ ಕುಳಿತು ನೋಡಿ ಬರೆಯಿರಿ.

ಹುರುಳಿಚೀಲ (10:20)
ಒಂದು ದಿನ ಕುಳಿತು ನೋಡುವುದಕ್ಕಿಂತ ರಕ್ತ ಕೊಟ್ಟರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಕ್ರಿಯಾಟಿನಿನ್ ಮಾಡಿಸಿ, ಮೂತ್ರಪಿಂಡ ರಕ್ತದಿಂದ ಹೊರಹಾಕಬೇಕಾದ ಕಸ ಅದು. ಮೂತ್ರಪಿಂಡ ಕೆಟ್ಟಿದೆಯೇ ಇಲ್ಲವೇ, ಪ್ರಶ್ನೆ ಅಷ್ಟೇ.

ಹಳೆಲಾಯ (ಸೋಮವಾರ, ಬೆಳಿಗ್ಗೆ 5:50)
ನಾನು ಮೂವತ್ತು ವರ್ಷ ಸ್ಟಡ್ ಫಾರ್ಮ್ ಒಂದರಲ್ಲಿ ಮರಿ ಹಾಕಿಸುವ ರಾತ್ರಿ ಪಾಳಿ ಮಾಡಿದವನು. ಡಾಕ್ಟರಮ್ಮ ಹೇಳಿದ್ದು ಸರಿ. ಕಣ್ಣಿನಿಂದ ಸಿಗುವುದು ಸೂಜಿಯಿಂದ ಸಿಗುವುದಿಲ್ಲ.

ಒಂದು ಗಂಡು ಮರಿ ನೆನಪಾಗುತ್ತದೆ. ಮಾರ್ಚ್ ತಿಂಗಳು. ಹುಟ್ಟಿ ಒಂದು ಗಂಟೆಯೊಳಗೆ ನಿಂತಿತು, ಎರಡು ಗಂಟೆಯೊಳಗೆ ಕೆಚ್ಚಲು ಹಿಡಿಯಿತು, ಎಲ್ಲ ಲೆಕ್ಕದಂತೆ. ಎರಡನೆಯ ದಿನ ಸಂಜೆ ತಿಣುಕಲು ಶುರು ಮಾಡಿತು. ಹೊಸ ಹುಡುಗ ಮೊದಲ ಕಪ್ಪು ಲದ್ದಿ ಕಟ್ಟಿಕೊಂಡಿದೆ ಎಂದು ಎನಿಮಾ ತಂದ. ನಾನು ತಡೆದೆ. ಲದ್ದಿಗೆ ತಿಣುಕುವ ಮರಿ ಬೆನ್ನನ್ನು ಮೇಲಕ್ಕೆ ಬಿಲ್ಲಿನಂತೆ ಬಾಗಿಸಿ ಹಿಂಗಾಲನ್ನು ಹೊಟ್ಟೆಯ ಕೆಳಗೆ ತರುತ್ತದೆ. ಈ ಮರಿ ಬೆನ್ನನ್ನು ಕೆಳಕ್ಕೆ ಇಳಿಸಿ, ಹಿಂಗಾಲನ್ನು ಹಿಂದಕ್ಕೆ ಚಾಚಿ ನಿಂತಿತ್ತು. ಅದು ಮೂತ್ರದ ತಿಣುಕು. ಬಂದದ್ದು ನಾಲ್ಕು ಹನಿ. ಮೂರನೆಯ ದಿನ ಬೆಳಗಾಗುವಾಗ ಹೊಟ್ಟೆ ತಮಟೆಯಂತಾಗಿತ್ತು. ತಾಯಿಯ ಕೆಚ್ಚಲು ತುಂಬಿ ಹಾಲು ತಾನಾಗಿ ಸುರಿಯುತ್ತಿತ್ತು. ಮರಿ ಕುಡಿಯುವುದನ್ನು ನಿಲ್ಲಿಸಿದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮೂತ್ರಕೋಶ ಹರಿದಿತ್ತು. ಡಾಕ್ಟರು ಬಂದು ಹೊಟ್ಟೆಯ ನೀರು ತೆಗೆದರು, ರಕ್ತವನ್ನೂ ತೆಗೆದರು. ಹೊಟ್ಟೆಯ ನೀರಿನ ಕ್ರಿಯಾಟಿನಿನ್ 11, ರಕ್ತದ್ದು 4. ಆ ಎರಡು ಅಂಕಿ ಇವತ್ತಿಗೂ ನೆನಪಿವೆ.

ಟಾಂಗಾಮನೆ (6:30)
ಮರಿ ಉಳಿಯಿತೇ?

ಹಳೆಲಾಯ (6:41)
ಉಳಿಯಿತು. ಮೂರು ವರ್ಷಕ್ಕೆ ರೇಸಿಗೂ ಇಳಿಯಿತು.

ಪಶುವೈದ್ಯೆ_ಧಾರವಾಡ (7:15)
ಯಜಮಾನರು ಹೇಳಿದ 11 ಮತ್ತು 4ರಲ್ಲಿ ರೋಗನಿರ್ಣಯ ಪೂರ್ತಿ ಇದೆ. ಹೊಟ್ಟೆಯ ನೀರಿನ ಕ್ರಿಯಾಟಿನಿನ್ ರಕ್ತದ್ದಕ್ಕಿಂತ ಎರಡು ಪಟ್ಟು ಅಥವಾ ಹೆಚ್ಚು ಇದ್ದರೆ ಅದು ಮೂತ್ರವೇ. ಯೂರಿಯಾ ಅಳೆದರೆ ಈ ಭೇದ ಸಿಗುವುದಿಲ್ಲ, ಏಕೆಂದರೆ ಯೂರಿಯಾ ಬೇಗ ಎರಡೂ ಕಡೆ ಸಮನಾಗಿಬಿಡುತ್ತದೆ. ಕ್ರಿಯಾಟಿನಿನ್ ಕಣ ದೊಡ್ಡದು, ನಿಧಾನವಾಗಿ ದಾಟುತ್ತದೆ.

ಇನ್ನೊಂದು ಮಾತು. ತಾಯಿಯ ಹಾಲಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಮೂತ್ರ ಹೊರಗೆ ಹೋಗದೆ ಹೊಟ್ಟೆಯಲ್ಲಿ ನಿಂತರೆ ರಕ್ತದಲ್ಲಿ ಸೋಡಿಯಂ, ಕ್ಲೋರೈಡ್ ಇಳಿದು ಪೊಟ್ಯಾಸಿಯಂ ಏರುತ್ತದೆ. ಏರಿದ ಪೊಟ್ಯಾಸಿಯಂ ಹೃದಯವನ್ನು ನಿಲ್ಲಿಸಬಲ್ಲದು. ಹಾಗಾಗಿ ಇದನ್ನು ಕಂಡ ಕೂಡಲೇ ಆಪರೇಷನ್ ಟೇಬಲ್ಲಿಗೆ ಹಾಕುವುದಲ್ಲ. ಮೊದಲು ಸಲೈನ್, ಡೆಕ್ಸ್‌ಟ್ರೋಸ್ ಕೊಟ್ಟು, ಹೊಟ್ಟೆಯ ಮೂತ್ರವನ್ನು ನಿಧಾನವಾಗಿ ಇಳಿಸಿ, ಪೊಟ್ಯಾಸಿಯಂ 5.5ರ ಕೆಳಗೆ ಬಂದ ಮೇಲೆ ಅರಿವಳಿಕೆ. ಈ ಆತುರದಲ್ಲಿ ಮರಿಗಳನ್ನು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹುರುಳಿಚೀಲ (7:40)
ಮೂತ್ರಕೋಶ ಹರಿದಿದ್ದರೆ ಧಾರೆ ಬರುವುದೇ ಇಲ್ಲ ಅಲ್ಲವೇ? ಧಾರೆ ಬಂದರೆ ನಿಶ್ಚಿಂತೆ.

ಪಶುವೈದ್ಯೆ_ಧಾರವಾಡ (7:52)
ಅಲ್ಲ. ಹರಿದ ಜಾಗ ಚಿಕ್ಕದಿದ್ದರೆ ಧಾರೆಯೂ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ. ಧಾರೆ ನೋಡಿ ಯಾರೂ ಸುಮ್ಮನಿರಬಾರದು. ಹುಟ್ಟಿದಾಗಿನಿಂದ ಸಲೈನ್ ಮೇಲಿರುವ ಮರಿಯಲ್ಲಿ ರಕ್ತದ ಲವಣಗಳೂ ಸರಿಯಾಗಿಯೇ ಕಾಣುತ್ತವೆ. ಸ್ಕ್ಯಾನಿಂಗಿನಲ್ಲಿ ಮಾತ್ರ ಕಪ್ಪು ನೀರಿನ ಮಧ್ಯೆ ಕರುಳು ತೇಲುವುದು ಕಾಣುತ್ತದೆ. ಆದರೆ ಇದು ಗೌರಿಯ ಕಥೆಯಲ್ಲ. ಐದು ತಿಂಗಳು ಲವಲವಿಕೆಯಿಂದ ಇರುವ ಮರಿಗೆ ಮೂತ್ರಕೋಶ ಹರಿದಿರುವುದಿಲ್ಲ.

ದೂರದಊರು (ಮಧ್ಯಾಹ್ನ 1:25)
ನಾನು ತುಮಕೂರಿನವಳು. ಈಗ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಕುದುರೆ ಆಸ್ಪತ್ರೆಯೊಂದರಲ್ಲಿ ನರ್ಸ್. ಕ್ರಿಯಾಟಿನಿನ್ ಬಗ್ಗೆ ಹುರುಳಿಚೀಲ ಅವರಿಗೆ ಒಂದು ಮಾತು ಹೇಳಬೇಕು.

ಹುಟ್ಟಿದ ಮೊದಲ ದಿನ ಕೆಲವು ಮರಿಗಳಲ್ಲಿ ಕ್ರಿಯಾಟಿನಿನ್ ಹೆದರಿಕೆ ಹುಟ್ಟಿಸುವಷ್ಟು ಇರುತ್ತದೆ. ಮೂತ್ರಪಿಂಡಕ್ಕೆ ಏನೂ ಆಗಿರುವುದಿಲ್ಲ. ಗರ್ಭದಲ್ಲಿ ಮಾಸು ಸರಿಯಾಗಿ ಕೆಲಸ ಮಾಡದೆ ಕಸ ಉಳಿದಿರುತ್ತದೆ, ಅಷ್ಟೇ. ಮರುದಿನ ಮತ್ತೆ ಅಳೆದರೆ ಅರ್ಧಕ್ಕೆ ಇಳಿದಿರುತ್ತದೆ. ಇಳಿಯದಿದ್ದರೆ ಮಾತ್ರ ಹುಟ್ಟಿನಿಂದಲೇ ಮೂತ್ರಪಿಂಡದ ದೋಷವಿದೆಯೇ ಅಥವಾ ಮೂತ್ರಕೋಶ ಹರಿದಿದೆಯೇ ಎಂದು ಹುಡುಕಬೇಕು. ಒಂದು ಅಂಕಿ ನೋಡಿ ಮರಿಯ ಹಣೆಬರಹ ಬರೆಯಬಾರದು, ಎರಡು ಅಂಕಿ ಬೇಕು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಎರಡರಲ್ಲಿ ಒಂದು ಮೂತ್ರಪಿಂಡ ಪೂರ್ತಿ ಕೆಟ್ಟಿದ್ದರೂ ಕ್ರಿಯಾಟಿನಿನ್ ಸರಿಯಾಗಿಯೇ ಇರುತ್ತದೆ. ಎರಡರ ಕೆಲಸವನ್ನೂ ಒಟ್ಟು ಸೇರಿಸಿ ಸುಮಾರು ಮುಕ್ಕಾಲು ಭಾಗ ನಿಂತ ಮೇಲಷ್ಟೇ ಅದು ಏರುವುದು.

ಹುರುಳಿಚೀಲ (1:50)
ಮೊದಲ ದಿನದ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಐದು ತಿಂಗಳ ಮರಿಗೆ ರಕ್ತ ಪರೀಕ್ಷೆ ಬೇಡ ಎಂದು ನೀವೂ ಹೇಳುತ್ತಿಲ್ಲವಲ್ಲ?

ದೂರದಊರು (1:58)
ಖಂಡಿತ ಬೇಕು. ಅದೊಂದೇ ಸಾಲದು ಎನ್ನುತ್ತಿದ್ದೇನೆ. ಮೂತ್ರದ ಸಾಂದ್ರತೆಯನ್ನೂ, ಅಂದರೆ ನೀರಿಗೆ ಹೋಲಿಸಿದರೆ ಎಷ್ಟು ಗಟ್ಟಿ ಎಂಬುದನ್ನೂ, ನೋಡಿಸಬೇಕು. ಹಾಲು ಕುಡಿಯುವ ಮರಿಯ ಮೂತ್ರ ನೀರಿನಂತೆ ತೆಳ್ಳಗಿರುತ್ತದೆ, 1.008ಕ್ಕಿಂತ ಕಡಿಮೆಯೇ ಇರುತ್ತದೆ. ಅದು ಸಹಜ. ಹಾಲು ಬಿಟ್ಟ, ವರ್ಷ ತುಂಬಿದ ಕುದುರೆಯಲ್ಲಿ ಸದಾ 1.010ರ ಆಸುಪಾಸಿನಲ್ಲೇ ನಿಂತರೆ ಅದು ಸಹಜವಲ್ಲ. ಇಲ್ಲಿಗೆ ಬಂದ ಒಂದು ವರ್ಷದ ಮರಿ ಹಾಗೆಯೇ ಇತ್ತು. ಜೊತೆಯವುಗಳಿಗಿಂತ ಒಂದು ಗೇಣು ಗಿಡ್ಡ, ಪಕ್ಕೆಲುಬು ಎಣಿಸಬಹುದಿತ್ತು, ಬಕೆಟ್ ಖಾಲಿಯಾದರೂ ನೆಕ್ಕುತ್ತಾ ನಿಲ್ಲುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಕುದುರೆಗಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ಮೂತ್ರದಲ್ಲಿ ಬಿಡುವ ಪ್ರಾಣಿಗಳು, ಮೂತ್ರಪಿಂಡ ಸೋತಾಗ ಅದು ರಕ್ತದಲ್ಲೇ ಉಳಿಯುತ್ತದೆ. ಸ್ಕ್ಯಾನಿಂಗಿನಲ್ಲಿ ಎರಡೂ ಮೂತ್ರಪಿಂಡಗಳು ಸಣ್ಣವು, ಅಂಚು ಒರಟು, ಒಳಪದರ ಹೊರಪದರದ ಗೆರೆಯೇ ಕಾಣಿಸಲಿಲ್ಲ. ಹುಟ್ಟಿನಿಂದಲೇ ಸರಿಯಾಗಿ ಬೆಳೆದಿರಲಿಲ್ಲ ಎಂದು ಬಯಾಪ್ಸಿ ಹೇಳಿತು. ಅದಕ್ಕೆ ನಾವು ಏನೂ ಮಾಡಲಾಗಲಿಲ್ಲ. ಆ ಮರಿಯ ಮುಖ ಮರೆಯಲು ನನಗೆ ಬಹಳ ದಿನ ಬೇಕಾಯಿತು.

ಕಾವೇರಿದಂಡೆ (ಸಂಜೆ 7:05)
ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕುಳಿತು ನೋಡಿದೆ ಮೇಡಂ. ಗೌರಿಯ ಹಿಂಭಾಗವನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು, ಹಳೆಯ ಬಿಳಿ ಪಂಚೆಯಿಂದ ಒರೆಸಿ, ಹತ್ತು ಹತ್ತು ನಿಮಿಷಕ್ಕೆ ಒಣ ಬಟ್ಟೆ ಒತ್ತಿದೆ. ಹೊಕ್ಕುಳು ಪೂರ್ತಿ ಒಣ, ಗಟ್ಟಿ, ಬಿಸಿ ಇಲ್ಲ. ಯೋನಿಯ ಕೆಳತುದಿಯಿಂದ ಹನಿ ಇಳಿಯುತ್ತದೆ. ಸುಮಾರು ನಿಮಿಷಕ್ಕೊಮ್ಮೆ ಒಂದು ಹನಿ ಕೂಡಿಕೊಂಡು ಒಳತೊಡೆಗೆ ಜಾರುತ್ತದೆ. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಇದರ ನಡುವೆ ತಾಯಿಯಂತೆಯೇ ಕಾಲಗಲಿಸಿ ನಿಂತು ಒಳ್ಳೆಯ ಧಾರೆಯಾಗಿಯೂ ಮೂತ್ರ ಮಾಡಿತು. ಧಾರೆ ಮುಗಿದ ಮೇಲೂ ಹನಿ ನಿಲ್ಲಲಿಲ್ಲ. ಬಾಲ ಬಿಗಿಯಾಗಿದೆ, ನನ್ನ ಕೈಯನ್ನೇ ಅದುಮಿತು. ನೀರು ಅತಿ ಇಲ್ಲ.

ಚೀಟಿಯಲ್ಲಿ ಇರುವುದು ಜೆಂಟಾಮೈಸಿನ್ ಐದು ದಿನ, ಎರಡನೆಯ ಸಲವೂ ಅದೇ, ಜೊತೆಗೆ ನೋವಿಗೆ ಫ್ಲೂನಿಕ್ಸಿನ್.

ಪಶುವೈದ್ಯೆ_ಧಾರವಾಡ (8:20)
ಇಷ್ಟು ಚೆನ್ನಾಗಿ ನೋಡಿ ಬರೆದದ್ದಕ್ಕೆ ಧನ್ಯವಾದ. ನೀವು ಅರ್ಧ ರೋಗನಿರ್ಣಯ ಮಾಡಿಬಿಟ್ಟಿದ್ದೀರಿ.

ಹೊಕ್ಕುಳು ಒಣಗಿದೆ, ಹಾಗಾಗಿ ಯುರಾಕಸ್ (ಗರ್ಭದಲ್ಲಿ ಮೂತ್ರಕೋಶದಿಂದ ಹೊಕ್ಕುಳಿಗೆ ಹೋಗುವ ನಾಳ) ತೆರೆದಿಲ್ಲ. ಬಾಲ ಬಿಗಿ ಇದೆ, ಧಾರೆ ಬರುತ್ತಿದೆ, ಹಾಗಾಗಿ ನರದ ದೌರ್ಬಲ್ಯದಿಂದ ಮೂತ್ರಕೋಶ ತುಂಬಿ ತುಳುಕುತ್ತಿಲ್ಲ. ಸೋಂಕೇ ಮೂಲವಾಗಿದ್ದರೆ ಮರಿ ಪದೇ ಪದೇ ತಿಣುಕುತ್ತಿತ್ತು, ಹುಟ್ಟಿದ ವಾರದಿಂದ ಒಂದೇ ಸಮನೆ ಸೋರುತ್ತಿರಲಿಲ್ಲ. ಉಳಿಯುವುದು ಒಂದು: ಒಂದು ಕಡೆಯ ಮೂತ್ರನಾಳ ತಪ್ಪು ಜಾಗದಲ್ಲಿ ತೆರೆದಿದೆ. ಮೂತ್ರಪಿಂಡದಿಂದ ಇಳಿಯುವ ನಾಳ ಮೂತ್ರಕೋಶದ ಕುತ್ತಿಗೆಯ ಬಳಿ, ಒಳಗೆ ತೆರೆಯಬೇಕು. ಗರ್ಭದಲ್ಲಿ ಬೆಳೆಯುವಾಗ ದಾರಿ ತಪ್ಪಿದರೆ ಮೂತ್ರಕೋಶವನ್ನು ದಾಟಿ ಕೆಳಗೆ, ಮೂತ್ರದ್ವಾರದ ನಾಳದಲ್ಲೋ ಯೋನಿಯಲ್ಲೋ ತೆರೆಯುತ್ತದೆ. ಆ ಕಡೆಯ ಮೂತ್ರಕ್ಕೆ ನಿಲ್ಲಲು ಜಾಗವೇ ಇಲ್ಲ, ಅದಕ್ಕೇ ಸೋರುತ್ತದೆ. ಇನ್ನೊಂದು ಕಡೆಯದು ಸರಿಯಾಗಿದೆ, ಅದಕ್ಕೇ ಧಾರೆಯೂ ಬರುತ್ತದೆ. ನೀವು ಹೇಳಿದ ನಿಮಿಷಕ್ಕೊಂದು ಹನಿಯೂ ಹೊಂದುತ್ತದೆ. ಮೂತ್ರನಾಳ ಸುಮಾರು ಆ ತಾಳದಲ್ಲೇ ಮೂತ್ರವನ್ನು ಚಿಮ್ಮಿಸುವುದು.

ಖಚಿತ ಮಾಡಲು ಎಂಡೋಸ್ಕೋಪಿ ಬೇಕು. ಇದು ಇಲ್ಲಿ ಕುಳಿತು ಹೇಳುವ ಮಾತಲ್ಲ.

ಔಷಧದ ಬಗ್ಗೆ: ಜೆಂಟಾಮೈಸಿನ್, ಫ್ಲೂನಿಕ್ಸಿನ್ ಎರಡೂ ಮೂತ್ರಪಿಂಡಕ್ಕೆ ಭಾರ. ಒಟ್ಟಿಗೆ ಕೊಟ್ಟರೆ ಇನ್ನೂ ಭಾರ. ಮೂತ್ರದ ಕಲ್ಚರ್ (ಸೋಂಕಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸದೆ ಮೂರನೆಯ ಸಲ ಕೊಡಿಸಬೇಡಿ.

ಬಿಳಿಗಿರಿ_ಹೈನು (8:45)
ಹೊಕ್ಕುಳು ಎಂದು ನಾನು ಅವಸರದಲ್ಲಿ ಹೇಳಿದೆ, ತಪ್ಪಾಯಿತು. ಆದರೆ ಅಯೋಡಿನ್ ಯಾಕೆ ಬೇಡ? ನಮ್ಮ ಅಜ್ಜಿಯ ಕಾಲದಿಂದ ಹಚ್ಚುತ್ತೇವೆ.

ಪಶುವೈದ್ಯೆ_ಧಾರವಾಡ (9:10)
ಹಚ್ಚುವುದು ಬೇಡ ಎನ್ನುತ್ತಿಲ್ಲ, ಗಟ್ಟಿಯದು ಬೇಡ. ಶೇಕಡ 7ರ ಅಯೋಡಿನ್ ಹೊಕ್ಕುಳಿನ ಅಂಗಾಂಶವನ್ನು ಸುಡುತ್ತದೆ. ಸತ್ತ ಅಂಗಾಂಶ ಕಳಚಿದಾಗ ಮುಚ್ಚಿಕೊಂಡಿದ್ದ ಯುರಾಕಸ್ ಮತ್ತೆ ತೆರೆಯಬಹುದು. ನೀರು ಬೆರೆಸಿದ ಶೇಕಡ 0.5ರ ಕ್ಲೋರ್‌ಹೆಕ್ಸಿಡಿನ್ ಸಾಕು, ದಿನಕ್ಕೆ ಎರಡು ಮೂರು ಸಲ ಅದ್ದಬೇಕು. ಕರುಗಳಲ್ಲಿ ಯುರಾಕಸ್ ತೆರೆದಿರುವುದು ಅಪರೂಪ, ಕುದುರೆ ಮರಿಗಳಲ್ಲಿ ಅಷ್ಟು ಅಪರೂಪವಲ್ಲ. ಹಾಗಾಗಿ ಕರುವಿನ ಅನುಭವ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ.

ಹಳೆಲಾಯ (9:30)
ನಮ್ಮಲ್ಲಿ ಹೊಕ್ಕುಳಬಳ್ಳಿಯನ್ನು ಕತ್ತರಿಸುತ್ತಲೇ ಇರಲಿಲ್ಲ. ತಾಯಿ ಎದ್ದಾಗ ತಾನಾಗಿ ಹರಿಯಬೇಕು. ಬಳ್ಳಿ ಅತಿಯಾಗಿ ಹುರಿಗೊಂಡಿದ್ದರೆ ಆ ಮರಿಯ ಹೊಕ್ಕುಳನ್ನು ವಾರವಿಡೀ ಎರಡು ಹೊತ್ತು ನೋಡುತ್ತಿದ್ದೆವು. ಹುರಿ ಬಿಗಿದಾಗ ಗರ್ಭದಲ್ಲೇ ಯುರಾಕಸ್ ಒಳಗೆ ಒತ್ತಡ ಏರಿ ಹಿಗ್ಗುತ್ತದೆ, ಹುಟ್ಟಿದ ಮೇಲೆ ಮುಚ್ಚುವುದಿಲ್ಲ.

ಮೊದಲ ಮೂತ್ರದ ಗಂಟೆಯನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆವು. ಗಂಡು ಮರಿ ಸುಮಾರು ಆರು ಗಂಟೆಗೆ, ಹೆಣ್ಣು ಮರಿ ಹತ್ತು ಹನ್ನೊಂದು ಗಂಟೆಗೆ. ಗಂಡು ಹನ್ನೆರಡು ಗಂಟೆ ಕಳೆದರೂ ಮಾಡದಿದ್ದರೆ ಡಾಕ್ಟರನ್ನು ಎಬ್ಬಿಸುತ್ತಿದ್ದೆವು, ರಾತ್ರಿಯೋ ಹಗಲೋ ನೋಡುತ್ತಿರಲಿಲ್ಲ.

ಟಾಂಗಾಮನೆ (9:48)
ಯಜಮಾನರೇ, ನೀವು ಕುಣಿಗಲ್ ಕಡೆಯವರೇ? ನಮ್ಮ ತಾತ ಅಲ್ಲಿಯ ಕುದುರೆಗಳ ಕಥೆ ಹೇಳುತ್ತಿದ್ದರು. ಟಿಪ್ಪು ಕಾಲದಿಂದ ಅಲ್ಲಿ ಕುದುರೆ ಸಾಕುತ್ತಿದ್ದರಂತೆ.

ಹಳೆಲಾಯ (9:59)
ನಾನು ಕೆಲಸ ಮಾಡಿದ್ದು ಬೇರೆ ಕಡೆ. ಆದರೆ ಕುಣಿಗಲ್ ಸ್ಟಡ್ ಫಾರ್ಮಿಗೆ ಹೋಗಿ ಬಂದಿದ್ದೇನೆ. ಟಿಪ್ಪುವಿನ ಅಶ್ವದಳಕ್ಕೆ ಅಲ್ಲಿ ಕುದುರೆ ಬೆಳೆಸುತ್ತಿದ್ದರು, ಆಮೇಲೆ ಬ್ರಿಟಿಷರ ಸೈನ್ಯಕ್ಕೆ, ಆಮೇಲೆ ರೇಸಿಗೆ. ಅಲ್ಲಿನ ಹಳೆಯ ಮರಗಳ ಕೆಳಗೆ ತಾಯಿ ಮರಿಗಳು ನಿಂತಿರುವುದನ್ನು ಒಮ್ಮೆಯಾದರೂ ನೋಡಬೇಕು.

ಹುರುಳಿಚೀಲ (10:15)
ಕುಣಿಗಲ್ ಬಗ್ಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಗೌರಿಯ ಮಾತು ನಡೆಯಲಿ. ನನ್ನ ಪ್ರಶ್ನೆ ಇದು: ಎಂಡೋಸ್ಕೋಪಿ ಯಾಕೆ, ಸ್ಕ್ಯಾನಿಂಗ್ ಸಾಲದೇ? ಸ್ಕ್ಯಾನಿಂಗ್ ಎಲ್ಲ ಕಡೆ ಇದೆ, ಖರ್ಚೂ ಕಡಿಮೆ.

ದೂರದಊರು (ಮಂಗಳವಾರ, ಬೆಳಿಗ್ಗೆ 11:40)
ಸ್ಕ್ಯಾನಿಂಗ್ ಮೂತ್ರಪಿಂಡದ ಆಕಾರ ಹೇಳುತ್ತದೆ. ಬಲಗಡೆಯದು ಕೊನೆಯ ಪಕ್ಕೆಲುಬುಗಳ ಸಂದಿನಲ್ಲಿ ಸುಲಭವಾಗಿ ಸಿಗುತ್ತದೆ, ಎಡಗಡೆಯದು ಗುಲ್ಮದ ಹಿಂದೆ ಆಳದಲ್ಲಿ. ಮೂತ್ರ ಕೆಳಗೆ ಸರಾಗವಾಗಿ ಇಳಿಯದೆ ಹಿಂದಕ್ಕೆ ಒತ್ತಿದ್ದರೆ ಆ ಮೂತ್ರಪಿಂಡದ ನಡುವೆ ಕಪ್ಪು ಕೆರೆಯಂತೆ ಹಿಗ್ಗಿರುತ್ತದೆ. ಆದರೆ ನಾಳದ ಬಾಯಿ ಎಲ್ಲಿದೆ ಎಂದು ಸ್ಕ್ಯಾನಿಂಗ್ ಸಾಮಾನ್ಯವಾಗಿ ತೋರಿಸುವುದಿಲ್ಲ.

ಎಂಡೋಸ್ಕೋಪಿಯಲ್ಲಿ ಮೂತ್ರಕೋಶದ ಒಳಗೆ ಹೋಗಿ ನೋಡುತ್ತಾರೆ. ಗಡಿಯಾರದ 10 ಮತ್ತು 2ರ ಜಾಗದಲ್ಲಿ ಎರಡು ಸಣ್ಣ ಬಾಯಿಗಳು ಇರಬೇಕು. ಒಂದೇ ಕಂಡರೆ ಇನ್ನೊಂದು ಎಲ್ಲಿ ಎಂದು ಹುಡುಕಲು ರಕ್ತನಾಳಕ್ಕೆ ಬಣ್ಣ ಕೊಡುತ್ತಾರೆ. ಇಂಡಿಗೊ ಕಾರ್ಮೈನ್ ಕೊಟ್ಟರೆ ಮೂತ್ರ ನೀಲಿ, ಫ್ಲೋರೆಸಿನ್ ಕೊಟ್ಟರೆ ಹಸಿರು ಹಳದಿ. ಕೆಲವು ನಿಮಿಷಗಳಲ್ಲಿ ಬಣ್ಣ ಎಲ್ಲಿಂದ ಚಿಮ್ಮುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಹೆಣ್ಣು ಮರಿಯ ಮೂತ್ರದ್ವಾರದ ನಾಳ ಗಿಡ್ಡ, ಅಗಲ. ಮಂಪರು ಬರಿಸಿ ನಿಲ್ಲಿಸಿಕೊಂಡೇ ಮಾಡಬಹುದು.

ದಯವಿಟ್ಟು ಎರಡೂ ಕಡೆ ನೋಡಿಸಿ. ಒಂದು ಸೋರಿಕೆ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬಾರದು. ಮುಂದೆ ಒಂದು ಮೂತ್ರಪಿಂಡ ತೆಗೆಯುವ ಮಾತು ಬಂದರೆ, ಉಳಿಯುವುದು ಗಟ್ಟಿಯಾಗಿದೆ ಎಂದು ಮೊದಲೇ ತಿಳಿದಿರಬೇಕು.

ಬಿಳಿಗಿರಿ_ಹೈನು (12:10)
ಇದು ತಾಯಿಯಿಂದ ಬರುವ ದೋಷವೇ? ಆ ಕುದುರೆಗೆ ಮತ್ತೆ ಮರಿ ಹಾಕಿಸಬಹುದೇ?

ಪಶುವೈದ್ಯೆ_ಧಾರವಾಡ (2:30)
ನಾಯಿಗಳಲ್ಲಿ ಕೆಲವು ತಳಿಗಳಿಗೆ ಇದು ಹೆಚ್ಚು. ಕುದುರೆಗಳಲ್ಲಿ ಆನುವಂಶಿಕ ಎಂದು ದೃಢಪಟ್ಟಿಲ್ಲ. ತಾಯಿಯ ಮೇಲೆ ದೋಷ ಹೊರಿಸಬೇಡಿ. ಗೌರಿಯಿಂದ ಮರಿ ಪಡೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ವೈದ್ಯರೂ ಇದ್ದಾರೆ.

ಕಾವೇರಿದಂಡೆ (ಹನ್ನೊಂದು ದಿನಗಳ ನಂತರ, ರಾತ್ರಿ 8:00)
ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದೆವು. ತಾಯಿಯನ್ನೂ ಗಾಡಿಯಲ್ಲಿ ಹತ್ತಿಸಿದ್ದೆ, ಇಲ್ಲದಿದ್ದರೆ ಎರಡೂ ಕೂಗಿ ಕೂಗಿ ಸೋಲುತ್ತಿದ್ದವು. ಕ್ರಿಯಾಟಿನಿನ್ 1.2 ಬಂತು. ಸ್ಕ್ಯಾನಿಂಗಿನಲ್ಲಿ ಬಲ ಮೂತ್ರಪಿಂಡ ಚೆನ್ನಾಗಿದೆ, ಎಡದ್ದು ಹಿಗ್ಗಿದೆ, ಸುತ್ತಲಿನ ಪದರ ತೆಳ್ಳಗಾಗಿದೆ. ಎಂಡೋಸ್ಕೋಪಿಯ ಪರದೆಯನ್ನು ನನಗೂ ತೋರಿಸಿದರು. ಮೂತ್ರಕೋಶದ ಒಳಗೆ ಒಂದೇ ಬಾಯಿ ಇತ್ತು. ಬಣ್ಣ ಕೊಟ್ಟರು. ಸ್ವಲ್ಪ ಹೊತ್ತಿಗೆ ಆ ಬಾಯಿಯಿಂದ ನೀಲಿ ಎಳೆ ಹೊಗೆಯಂತೆ ಸುರುಳಿ ಸುತ್ತುತ್ತಾ ಬಂತು. ಕೊಳವೆಯನ್ನು ಹಿಂದಕ್ಕೆ ಎಳೆಯುತ್ತಾ ಬಂದಾಗ ಮೂತ್ರದ್ವಾರದ ನಾಳದ ಗೋಡೆಯಲ್ಲಿ ಇನ್ನೊಂದು ಸಣ್ಣ ತೂತು, ಅಲ್ಲಿಂದ ಮಂಕು ನೀಲಿ ಹನಿ. ಐದು ತಿಂಗಳು ನಾನು ಒರೆಸಿದ್ದು ಅದೇ ಹನಿ.

ಕಲ್ಚರಿನಲ್ಲಿ ಎಡಗಡೆ ಸೋಂಕು ಇದೆ. ಮೂತ್ರಪಿಂಡ ಹಿಗ್ಗಿ ಸೋಂಕೂ ಹಿಡಿದಿರುವುದರಿಂದ ನಾಳವನ್ನು ಮೂತ್ರಕೋಶಕ್ಕೆ ಜೋಡಿಸುವುದಕ್ಕಿಂತ ಎಡದ್ದನ್ನು ತೆಗೆಯುವುದು ಮೇಲು ಎಂದರು. ಒಂದೇ ಮೂತ್ರಪಿಂಡದಲ್ಲಿ ಕುದುರೆ ಬದುಕುತ್ತದೆಯೇ?

ದೂರದಊರು (8:35)
ಬದುಕುತ್ತದೆ, ಕೆಲಸವನ್ನೂ ಮಾಡುತ್ತದೆ. ಉಳಿದದ್ದು ಬೆಳೆದು ಭಾರ ಹೊರುತ್ತದೆ. ಸೋಂಕನ್ನು ಮೊದಲು ಹತೋಟಿಗೆ ತಂದು ಆಮೇಲೆ ಆಪರೇಷನ್ ಮಾಡುತ್ತಾರೆ.

ಹುರುಳಿಚೀಲ (8:50)
ಕ್ರಿಯಾಟಿನಿನ್ ಸರಿ ಇದ್ದೂ ಒಂದು ಮೂತ್ರಪಿಂಡ ಹೋಗಿತ್ತು. ನನ್ನ ಮಾತು ಕೇಳಿ ರಕ್ತ ಪರೀಕ್ಷೆಗೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ಇದನ್ನು ಬರೆದು ಹೇಳಬೇಕೆನಿಸಿತು. ಗೌರಿಗೆ ಒಳ್ಳೆಯದಾಗಲಿ.

ಟಾಂಗಾಮನೆ (9:05)
ಅಲ್ಲಿಯವರೆಗೆ ಚರ್ಮಕ್ಕೆ ಏನು ಹಚ್ಚುತ್ತೀರಿ ಅಣ್ಣ? ನಮ್ಮ ಒಂದು ಮುದಿ ಕುದುರೆಗೂ ಹೀಗೆ ಬೆಂದಂತಾಗಿತ್ತು.

ಕಾವೇರಿದಂಡೆ (9:20)
ದಿನಕ್ಕೆ ಎರಡು ಸಲ ಬೆಚ್ಚನೆಯ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮಿನ ಮೇಲೆ ವ್ಯಾಸಲೀನ್ ಬಳಿಯುತ್ತೇನೆ. ಸಂಜೆ ಲಾಯದಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ, ಮರಿಯ ಮೂಗಿಗೆ ತಾಗದಂತೆ ದೂರದಲ್ಲಿ.

ಕಾವೇರಿದಂಡೆ (ಒಂದು ತಿಂಗಳ ನಂತರ, ಬೆಳಿಗ್ಗೆ 6:15)
ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ನಿನ್ನೆ ರಾತ್ರಿ ಮನೆಗೆ ಬಂದೆವು. ಈಗ ಲಾಯಕ್ಕೆ ಹೋಗಿ ಒಳತೊಡೆಯನ್ನು ಕೈಯಿಂದ ಸವರಿ ನೋಡಿದೆ. ಒಣಗಿದೆ. ಹೊಲಿಗೆಯ ಪಕ್ಕದಲ್ಲಿ ಹೊಸ ಕೂದಲು ಮುಳ್ಳಿನಂತೆ ಚುಚ್ಚಿತು.

ಪಶುವೈದ್ಯೆ_ಧಾರವಾಡ (6:40)
ತುಂಬಾ ಸಂತೋಷವಾಯಿತು. ಒಂದು ಕೆಲಸ ಮಾಡಿ. ದಪ್ಪ ಅಕ್ಷರದಲ್ಲಿ ‘ಒಂದೇ ಮೂತ್ರಪಿಂಡ, ಜೆಂಟಾಮೈಸಿನ್, ಫ್ಲೂನಿಕ್ಸಿನ್, ಬ್ಯೂಟ್ ಕೊಡುವ ಮೊದಲು ಕೇಳಿ’ ಎಂದು ಬರೆದು ಲಾಯದ ಬಾಗಿಲಿಗೆ ಅಂಟಿಸಿ. ನೀವು ಊರಿನಲ್ಲಿ ಇಲ್ಲದ ದಿನ ಹೊಟ್ಟೆನೋವು ಬಂದು ಬೇರೆ ಯಾರಾದರೂ ವೈದ್ಯರು ಬಂದರೆ ಅದು ಅವರ ಕಣ್ಣಿಗೆ ಬೀಳಬೇಕು.

ಕಾವೇರಿದಂಡೆ (7:02)
ಮಗಳು ಈಗಲೇ ಬರೆಯಲು ಕುಳಿತಿದ್ದಾಳೆ ಮೇಡಂ. ಬ್ಯೂಟ್ ಎಂದರೆ ನೋವಿನ ಔಷಧ ಫಿನೈಲ್‌ಬ್ಯೂಟಜೋನ್ ತಾನೇ, ಪೂರ್ತಿ ಹೆಸರು ಬರೆಸಲೇ ಎಂದು ಕೇಳುತ್ತಿದ್ದಾಳೆ.

ಪಶುವೈದ್ಯೆ_ಧಾರವಾಡ (7:05)
ಹೌದು, ಪೂರ್ತಿ ಹೆಸರೇ ಬರೆಸಿ.